ಮೃದಂಗದ ಮೇಲೆ ಮರಳು, ಸಭಾಂಗಣದಲ್ಲಿ ಹೊಸ ಬೆಳಕು!

ಬೆಂಗಳೂರಿನ ಅರಮನೆ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಸೆಂಟ್ರಲ್ ಕಾಲೇಜು ಹೊಸದೇನಲ್ಲ. ಹಳೆಯ ಕಟ್ಟಡ, ದೊಡ್ಡ ಮರಗಳು, ಸಿಗ್ನಲ್ಲಿನಲ್ಲಿ ನಿಂತ ವಾಹನಗಳ ಸಾಲು. ಆದರೆ 1928ರ ಮಾರ್ಚ್ 16ರಂದು ಇಲ್ಲಿ ಏನು ನಡೆಯಿತು ಗೊತ್ತೇ? ಭೌತವಿಜ್ಞಾನದ ಚರಿತ್ರೆಯಲ್ಲಿ ಬೆಂಗಳೂರಿನ ಹೆಸರನ್ನು ಶಾಶ್ವತವಾಗಿ ಬರೆದಿಟ್ಟ ಒಂದು ಉಪನ್ಯಾಸ!

ಅಂದು ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನಾ ಭಾಷಣ. ಮಾತಾಡಲು ಎದ್ದು ನಿಂತವರು ಕಲ್ಕತ್ತೆಯಿಂದ ಬಂದಿದ್ದ 39 ವರ್ಷದ ಪ್ರಾಧ್ಯಾಪಕ ಚಂದ್ರಶೇಖರ ವೆಂಕಟ ರಾಮನ್. ವಿಷಯ, ಒಂದು ಹೊಸ ವಿಕಿರಣ. ಹದಿನೇಳು ದಿನಗಳ ಹಿಂದಷ್ಟೇ, ಫೆಬ್ರುವರಿ 28ರಂದು, ಕಣ್ಣಿಗೆ ಬಿದ್ದದ್ದನ್ನು ಅವರು ಮೊತ್ತಮೊದಲ ಬಾರಿಗೆ ಪೂರ್ಣವಾಗಿ ಬಿಡಿಸಿ ಹೇಳಿದ್ದು ಯೂರೋಪಿನ ಯಾವ ಪರಿಷತ್ತಿನಲ್ಲೂ ಅಲ್ಲ. ನಮ್ಮ ಸೆಂಟ್ರಲ್ ಕಾಲೇಜಿನಲ್ಲಿ! ನಾವೆಲ್ಲ ಫೆಬ್ರುವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸುತ್ತೇವೆ, ಈ ಮಾರ್ಚ್ 16ನ್ನು ಮರೆತೇಬಿಟ್ಟಿದ್ದೇವೆ.

ಅವರು ಹೇಳಿದ ಪ್ರಯೋಗವಾದರೂ ಎಷ್ಟು ಸರಳ! ಬಿಸಿಲನ್ನು ಮಸೂರದಿಂದ ಒಟ್ಟುಗೂಡಿಸಿ, ನೀಲಿ-ನೇರಳೆ ಬಣ್ಣವನ್ನಷ್ಟೇ ಬಿಡುವ ಗಾಜಿನ ಮೂಲಕ ಒಂದು ದ್ರವದೊಳಕ್ಕೆ ಹಾಯಿಸಬೇಕು. ದ್ರವದಿಂದ ಚದುರಿ ಹೊರಬರುವ ಬೆಳಕನ್ನು ಹಸಿರು-ಹಳದಿಯನ್ನಷ್ಟೇ ಬಿಡುವ ಇನ್ನೊಂದು ಗಾಜಿನಿಂದ ನೋಡಬೇಕು. ಮೊದಲ ಗಾಜು ಬಿಟ್ಟ ಬೆಳಕನ್ನು ಎರಡನೆಯದು ತಡೆಯುತ್ತದೆ. ಹಾಗಾಗಿ ಕಾಣಬೇಕಾದದ್ದು ಬರೀ ಕತ್ತಲೆ. ಕಂಡದ್ದು ಬೆಳಕು! ದ್ರವದ ಅಣುಗಳು ಬೆಳಕಿನಿಂದ ಒಂದಿಷ್ಟು ಶಕ್ತಿಯನ್ನು ಇಸಿದುಕೊಂಡು ಅದರ ಬಣ್ಣವನ್ನೇ ಬದಲಿಸಿಬಿಟ್ಟಿದ್ದವು. ಹೀಗೆ ಬಣ್ಣ ಬದಲಿಸುವುದು ಸುಮಾರು ಕೋಟಿ ಬೆಳಕಿನ ಕಣಗಳಲ್ಲಿ ಒಂದು ಮಾತ್ರ. ಆ ಕೋಟಿಗೊಂದು ಕಣವನ್ನು ಬರಿಗಣ್ಣು ಹಿಡಿದಿತ್ತು! ಬೆಂಗಳೂರಿನ ಭಾಷಣ ಅಚ್ಚಾಗಿ ಜಗತ್ತಿನ ನಾನಾ ದೇಶಗಳ ವಿಜ್ಞಾನಿಗಳ ಕೈಸೇರಿತು. 1930ರಲ್ಲಿ ನೊಬೆಲ್ ಬಂತು.

ಈ ಕಥೆಯನ್ನು ಹಿಂದಕ್ಕೆ ಹಿಡಿದು ಹೊರಟರೆ ಸಿಗುವುದು ಇನ್ನೂ ದೊಡ್ಡ ಬೆರಗು.

ಮಾತಿಗೆಂದೇ ಕಟ್ಟಿದ ಮನೆ

ರಾಮನ್ ಈ ಪ್ರಯೋಗ ಮಾಡಿದ್ದು ಕಲ್ಕತ್ತೆಯ ಬೌಬಜಾರ್ ಬೀದಿಯ ಭಾರತೀಯ ವಿಜ್ಞಾನ ಸಂವರ್ಧನ ಸಂಘದಲ್ಲಿ. ಅದನ್ನು 1876ರಲ್ಲಿ ಕಟ್ಟಿದವರು ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಜನಸಾಮಾನ್ಯರ ಮುಂದೆ ಪ್ರಯೋಗ ಮಾಡಿ ತೋರಿಸಿದಂತೆ, ನಮ್ಮವರಿಗೂ ನಮ್ಮವರೇ ವಿಜ್ಞಾನ ಹೇಳಬೇಕೆಂಬುದು ಅವರ ಹಂಬಲ. ಜನರಿಂದ ಚಂದಾ ಎತ್ತಿದರು. ಸಂಜೆ ಹೊತ್ತಿನ ಉಪನ್ಯಾಸಗಳು ಶುರುವಾದವು. ಫಾದರ್ ಲಫೋಂ ಅವರಂಥವರು ಉಪಕರಣಗಳನ್ನು ಮೇಜಿನ ಮೇಲಿಟ್ಟು, ಸಭಿಕರ ಕಣ್ಣೆದುರೇ ಪ್ರಯೋಗ ಮಾಡುತ್ತ ಭೌತಶಾಸ್ತ್ರ ವಿವರಿಸಿದರು. ಸಂಶೋಧನೆ ಮಾತ್ರ ಚಿಗುರಲಿಲ್ಲ. ಆ ಕೊರಗಿನಲ್ಲೇ ಸರ್ಕಾರ್ 1904ರಲ್ಲಿ ತೀರಿಕೊಂಡರು.

ಮೂರು ವರ್ಷ ಕಳೆಯಿತು. 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಬಂದಿದ್ದ ಹದಿನೆಂಟರ ತರುಣ ಟ್ರಾಮಿನಲ್ಲಿ ಹೋಗುವಾಗ ಆ ಸಂಘದ ಬೋರ್ಡು ನೋಡಿದ. ಇಳಿದು ಹೋಗಿ ಬಾಗಿಲು ತಟ್ಟಿದ. ಬಾಗಿಲು ತೆರೆದ ಆಶುತೋಷ್ ಡೇ ಮುಂದೆ ಕಾಲು ಶತಮಾನ ಆ ತರುಣನ ಪ್ರಯೋಗಗಳಿಗೆ ಹೆಗಲು ಕೊಟ್ಟರು. ಬೆಳಿಗ್ಗೆ ಕಚೇರಿಗೆ ಮುಂಚೆ ಪ್ರಯೋಗ, ಸಂಜೆ ಕಚೇರಿ ಮುಗಿಸಿ ಮತ್ತೆ ಪ್ರಯೋಗ. ಜೊತೆಗೆ ರಾಮನ್ ಅದೇ ಸಭಾಂಗಣದಲ್ಲಿ ಸಾರ್ವಜನಿಕ ಉಪನ್ಯಾಸವನ್ನೂ ಕೊಡತೊಡಗಿದರು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಪ್ರಯೋಗಾಲಯ ಮೊದಲು, ಜನರಿಗೆ ಹೇಳುವುದು ಆಮೇಲೆ, ಅದೂ ಪುರುಸೊತ್ತಿದ್ದರೆ ಎಂದು ನಾವು ತಿಳಿದಿದ್ದೇವೆ. ಇಲ್ಲಿ ನಡೆದದ್ದು ಅದರ ತಿರುವುಮುರುವು! ಮೊದಲು ಸಭಾಂಗಣ ಬಂತು. ಅದರ ಮಗ್ಗುಲಲ್ಲಿ ಪ್ರಯೋಗಾಲಯ ಬೆಳೆಯಿತು. ಭಾರತೀಯರೊಬ್ಬರಿಗೆ ಸಿಕ್ಕ ಮೊದಲ ವಿಜ್ಞಾನ ನೊಬೆಲ್ಲಿನ ಬೇರು ಇರುವುದು ಜನರಿಗಾಗಿ ಹಾಕಿದ್ದ ಬೆಂಚುಗಳ ನಡುವೆ.

ಕರಣೆಯ ಗುಟ್ಟು

ಆ ಪ್ರಯೋಗಾಲಯದೊಳಗೆ ಬೆಳಕಿಗಿಂತ ಮೊದಲು ಕಾಲಿಟ್ಟದ್ದು ಸಂಗೀತ! ಪಿಟೀಲಿನ ತಂತಿ ಕಮಾನಿಗೆ ಸಿಕ್ಕಾಗ ಹೇಗೆ ಕಂಪಿಸುತ್ತದೆ? ವೀಣೆ, ತಂಬೂರಿಯ ನಾದ ಅಷ್ಟೊಂದು ತುಂಬಿಕೊಂಡು ಬರುವುದೇಕೆ? ರಾಮನ್ ಒಂದೊಂದಾಗಿ ವಾದ್ಯಗಳನ್ನು ಎತ್ತಿಕೊಂಡರು. 1920ರಲ್ಲಿ ಸರದಿ ಮೃದಂಗ, ತಬಲಾಗಳದು.

ಯಾವುದೇ ಡೋಲಿನ ಚರ್ಮ ಬಾರಿಸಿ ನೋಡಿ. ಸದ್ದು ಬರುತ್ತದೆ, ಸ್ವರ ಬರುವುದಿಲ್ಲ. ಕಾರಣ ಗಣಿತದಲ್ಲಿದೆ. ಬಿಗಿದ ಗುಂಡನೆಯ ಚರ್ಮದ ಮೂಲ ಕಂಪನವನ್ನು 1 ಎಂದುಕೊಂಡರೆ ಅದರ ಮೇಲಿನ ಕಂಪನಗಳು 1.59, 2.14, 2.30 ಹೀಗೆ ಅಡ್ಡಾದಿಡ್ಡಿ ಬರುತ್ತವೆ, ಒಂದಕ್ಕೊಂದು ಹೊಂದುವುದೇ ಇಲ್ಲ. ತಂತಿವಾದ್ಯದಲ್ಲಾದರೆ 1, 2, 3, 4 ಎಂದು ನೇರ ಮೆಟ್ಟಿಲು. ಚರ್ಮವಾದ್ಯಕ್ಕೆ ಶ್ರುತಿ ಒಲಿಯುವುದಿಲ್ಲ ಎಂದು ಪುಸ್ತಕಗಳು ಹೇಳುತ್ತಿದ್ದುದು ಇದಕ್ಕೇ.

ಈಗ ಮೃದಂಗದ ಬಲಮುಚ್ಚಿಗೆಯನ್ನು ಹತ್ತಿರದಿಂದ ನೋಡಿ. ನಡುವೆ ಕಪ್ಪನೆಯ ಬೊಟ್ಟು, ಅದೇ ಕರಣೆ. ಕಿಟ್ಟದ ಕಲ್ಲಿನ ಪುಡಿಯನ್ನು ಅನ್ನದೊಂದಿಗೆ ಕಲಸಿ, ಚಿಟಿಕೆಯಷ್ಟೇ ಹಚ್ಚಿ, ಕಲ್ಲಿನಿಂದ ಉಜ್ಜಿ, ಒಣಗಿದ ಮೇಲೆ ಇನ್ನೊಂದು ಪದರ. ಹೀಗೆ ಪದರದ ಮೇಲೆ ಪದರ ಏರಿ ನಡುವೆ ದಪ್ಪಗೆ, ಅಂಚಿಗೆ ಬರುತ್ತ ತೆಳ್ಳಗೆ. ರಾಮನ್ ಈ ಮುಚ್ಚಿಗೆಯ ಮೇಲೆ ನುಣುಪಾದ ಮರಳು ಚಿಮುಕಿಸಿದರು. ಒಂದೊಂದು ಬಗೆಯಲ್ಲಿ ಬೆರಳಿಟ್ಟು ಬಾರಿಸಿದರು. ಕಂಪಿಸುವ ಕಡೆಯಿಂದ ಮರಳು ಜಿಗಿದು, ಅಲುಗದೆ ನಿಂತ ಗೆರೆಗಳ ಮೇಲೆ ಹೋಗಿ ಕೂತಿತು. ಚರ್ಮದ ಮೇಲೆ ಚಿತ್ರ! ಒಂದು ಪೆಟ್ಟಿಗೆ ನಡುವೆ ಹಾದ ಒಂದೇ ಗೆರೆ. ಇನ್ನೊಂದಕ್ಕೆ ಅಡ್ಡಹಾಯ್ದ ಎರಡು. ಮತ್ತೊಂದಕ್ಕೆ ಒಂದು ವೃತ್ತ. ಸಂಗೀತ ಕಣ್ಣಿಗೆ ಕಾಣಿಸಿತು!

ಆ ಚಿತ್ರಗಳು ಹೇಳಿದ್ದೇನು? ಕರಣೆಯ ಭಾರ ಚರ್ಮದ ಒಂಬತ್ತು ಬಗೆಯ ಕಂಪನಗಳನ್ನು ಹಿಡಿದು ಐದೇ ಐದು ಸ್ವರಗಳಿಗೆ ಇಳಿಸುತ್ತದೆ. ಅವುಗಳ ಲೆಕ್ಕ 1, 2, 3, 4, 5! ವಾದಕ ಉಂಗುರ ಬೆರಳನ್ನು ಮುಚ್ಚಿಗೆಗೆ ಮೆಲ್ಲಗೆ ತಾಗಿಸಿ ಅಂಚಿಗೆ ‘ನಂ’ ಎಂದು ಬಾರಿಸಿದಾಗ ಮೂಲ ಕಂಪನ ಅಡಗಿ, ಮೇಲಿನದು ಗಂಟೆಯಷ್ಟು ಸ್ಪಷ್ಟವಾಗಿ ಮೇಲೇಳುತ್ತದೆ. ಹೆಸರೇ ಉಳಿಯದ ನಮ್ಮ ಕುಶಲಕರ್ಮಿಗಳು, ಸಮೀಕರಣ ಬರೆಯದೆ, ಬರೀ ಕಿವಿಯನ್ನೇ ನಂಬಿ, ಭೌತಶಾಸ್ತ್ರದ ಈ ಬೀಗವನ್ನು ಶತಮಾನಗಳ ಹಿಂದೆಯೇ ತೆರೆದಿದ್ದರು. ರಾಮನ್ 1934ರಲ್ಲಿ ಇದನ್ನು ವಿಸ್ತಾರವಾದ ಪ್ರಬಂಧವಾಗಿ ಪ್ರಕಟಿಸಿದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು.

ಅವರ ಕಿವಿ ವಿಜಯಪುರದವರೆಗೂ ಬಂದಿತ್ತು. 1922ರಲ್ಲಿ ಪಿಸುಮಾತಿನ ಮೊಗಸಾಲೆಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯ ಜೊತೆ ನಮ್ಮ ಗೋಲಗುಮ್ಮಟವೂ ಇದೆ! ಅಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಎದುರು ಬದಿಯವರಿಗೆ ಕೇಳುತ್ತದಲ್ಲ, ಬಟ್ಟಲಿನ ಒಳ ಅಂಚಿಗೆ ಬಿಟ್ಟ ಗೋಲಿಯ ಹಾಗೆ ಸದ್ದು ಬಾಗಿದ ಗೋಡೆಯನ್ನೇ ತಬ್ಬಿಕೊಂಡು ಸುತ್ತಿ ಬರುವುದು ಅದಕ್ಕೆ ಕಾರಣ.

ಅಕ್ಟೋಬರ್ 2ರ ಸಂಪ್ರದಾಯ

1948ರಲ್ಲಿ ರಾಮನ್ ಬೆಂಗಳೂರಿನಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. ಜಾಗ ಕೊಟ್ಟದ್ದು ಮೈಸೂರು ಸಂಸ್ಥಾನ. ಶುರುವಿನಲ್ಲಿ ಕಟ್ಟಡಕ್ಕೆ ಕರೆಂಟೂ ಇರಲಿಲ್ಲ. ಕತ್ತಲೆ ಕೋಣೆಯೊಳಗೆ ಕನ್ನಡಿಯಿಂದ ಬಿಸಿಲನ್ನು ತಿರುಗಿಸಿಕೊಂಡು, ಭೂತಗನ್ನಡಿ ಹಿಡಿದು ಬೆಳಕಿನ ಪ್ರಯೋಗ ಮಾಡಿದರು!

ಅವರು ಅಲ್ಲಿ ಬೆಳೆಸಿದ ಸಂಪ್ರದಾಯಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಗಾಂಧಿ ಸ್ಮಾರಕ ಉಪನ್ಯಾಸ. ವರ್ಷವರ್ಷವೂ ಅಕ್ಟೋಬರ್ 2ರಂದು ರಾಮನ್ ಸ್ವತಃ ವೇದಿಕೆಯೇರಿ ವಿಜ್ಞಾನದ ಯಾವುದಾದರೊಂದು ಬೆರಗನ್ನು ಬಿಡಿಸಿಡುತ್ತಿದ್ದರು. 1970ರ ಅಕ್ಟೋಬರ್ 2. ಇನ್ನೊಂದು ತಿಂಗಳಿಗೆ ಎಂಬತ್ತೆರಡು ತುಂಬಲಿತ್ತು. ಅಂದು ಅವರು ಆರಿಸಿಕೊಂಡ ವಿಷಯ ಯಾವುದು ಗೊತ್ತೇ? ಕಿವಿ! ಒಳಗಿವಿಯಲ್ಲಿ ಕಾಕ್ಲಿಯ ಎಂಬ ಶಂಖದಾಕಾರದ ಸುರುಳಿಯಿದೆ. ಬಿಡಿಸಿದರೆ ಸುಮಾರು 35 ಮಿಲಿಮೀಟರ್ ಉದ್ದ, ಅಷ್ಟೇ. ಅದರ ಬುಡ ಏರುಸ್ವರಕ್ಕೆ ಮಿಡಿಯುತ್ತದೆ, ತುದಿ ಮಂದ್ರಕ್ಕೆ. ಕಛೇರಿಯೊಂದರ ಸಮಸ್ತ ನಾದವೂ ನಮ್ಮೊಳಗೆ ಇಳಿಯುವುದು ಆ ಇಕ್ಕಟ್ಟಾದ ಸುರುಳಿಯ ಮೂಲಕವೇ. ಅರ್ಧ ಶತಮಾನದ ಹಿಂದೆ ನಾದ ಹೊಮ್ಮುವ ಬಗೆಯನ್ನು ಬೆನ್ನಟ್ಟಿದವರು ಕೊನೆಗೆ ನಾದ ಕೇಳುವ ಬಗೆಗೆ ಬಂದು ನಿಂತಿದ್ದರು. ನವೆಂಬರ್ 21ರಂದು ರಾಮನ್ ತೀರಿಕೊಂಡರು. ಅದು ಅವರ ಕೊನೆಯ ಗಾಂಧಿ ಉಪನ್ಯಾಸವಾಯಿತು.

ಆ ಸಂಸ್ಥೆಯಲ್ಲಿ ಅವರು ಕೂಡಿಹಾಕಿದ ಖನಿಜಗಳು, ಹರಳುಗಳು, ಚಿಟ್ಟೆಗಳು, ಚಿಪ್ಪುಗಳು ಇಂದಿಗೂ ಇವೆ. ಒಂದು ಕೋಣೆಯಲ್ಲಿ ದೀಪ ಆರಿಸಿ ಅತಿನೇರಳೆ ಬೆಳಕು ಹಚ್ಚುತ್ತಾರೆ. ಅಲ್ಲಿಯವರೆಗೆ ಮಂಕಾಗಿ ಕೂತಿದ್ದ ಕಲ್ಲುಗಳು ಹಸಿರಾಗಿ, ಕೆಂಪಾಗಿ, ನೀಲಿಯಾಗಿ ಉರಿದೇಳುತ್ತವೆ! ಕಣ್ಣಿಗೆ ಕಾಣದ ಬೆಳಕನ್ನು ನುಂಗಿ, ಕಾಣುವ ಬೆಳಕಾಗಿ ಉಗುಳುವ ಕಲ್ಲುಗಳು. ಬಣ್ಣದ ಮೋಹ ಮತ್ತು ಭೌತಶಾಸ್ತ್ರ ಒಂದೇ ಕಪಾಟಿನಲ್ಲಿ.

ಬಾಗಿಲು ಈಗಲೂ ತೆರೆದಿದೆ

ಇದೆಲ್ಲ ಮುಗಿದುಹೋದ ಕಾಲದ ಮಾತೆಂದುಕೊಂಡರೆ ನಷ್ಟ ನಮಗೇ. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ‘ಓಪನ್ ಡೇ’ ಎಂದು ಇಡೀ ಆವರಣವನ್ನು ಊರಿಗೆ ಬಿಟ್ಟುಕೊಡುತ್ತದೆ. ಜಾತ್ರೆಯೇ ಸೈ! ಒಂದು ಕಡೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಹೂವೊಂದನ್ನು ಅದ್ದಿ ತೆಗೆದು ಹಿಸುಕುತ್ತಾರೆ, ದಳಗಳು ಚೂರುಚೂರು. ಹೈವೋಲ್ಟೇಜ್ ಪ್ರಯೋಗಾಲಯದಲ್ಲಿ ಛಾವಣಿಯ ಕೆಳಗೇ ಸಿಡಿಲು ಹುಟ್ಟಿಸಿ ತೋರಿಸುತ್ತಾರೆ. ಗಾಳಿಯಲ್ಲಿ ಒಂದೊಂದು ಸೆಂಟಿಮೀಟರ್ ದಾಟಲು ವಿದ್ಯುತ್ತಿಗೆ ಸುಮಾರು 30,000 ವೋಲ್ಟ್ ಬೇಕು ಎಂಬುದನ್ನು ಪುಸ್ತಕದಲ್ಲಿ ಓದಿದ ಹುಡುಗಿಗೆ ಆ ಸದ್ದು ಎದೆಗೇ ಬಂದು ಬಡಿಯುತ್ತದೆ! ಅದೇ ಆವರಣದಲ್ಲಿ ಸ್ಪಿಕ್ ಮೆಕೆ ಎಂಬ ಕಲಾ ಸಂಘಟನೆಯ ವಿದ್ಯಾರ್ಥಿಗಳು ಶಾಸ್ತ್ರೀಯ ಸಂಗೀತದ ಕಛೇರಿ ಏರ್ಪಡಿಸುತ್ತಾರೆ.

ಹೆಸರಘಟ್ಟದ ಕಡೆಯ ಐಸಿಟಿಎಸ್ ಸಂಸ್ಥೆಯದು ಇನ್ನೊಂದು ಸೊಗಸು. ಹೋಮಿ ಭಾಭಾ 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದ್ದು ಬೆಂಗಳೂರಿನಲ್ಲೇ. ಮುಂಬಯಿಗೆ ಹೋದ ಆ ಮಾತೃಸಂಸ್ಥೆಯ ಕುಡಿ ಇದು, ಹುಟ್ಟೂರಿಗೇ ಮರಳಿ ಬಂದಿದೆ! ನೆಹರೂ ತಾರಾಲಯದ ಜೊತೆಗೂಡಿ ‘ಕಾಪಿ ವಿತ್ ಕ್ಯೂರಿಯಾಸಿಟಿ’ ಎಂಬ ಉಪನ್ಯಾಸಮಾಲೆ ನಡೆಸುತ್ತದೆ. ಕಪ್ಪುಕುಳಿ, ಗುರುತ್ವದ ಅಲೆ, ಗಣಿತದ ಒಗಟು ಎಲ್ಲಕ್ಕೂ ಅಲ್ಲಿ ಜಾಗವಿದೆ. ಒಳಗೆ ಹೋಗಲು ಪದವಿ ಬೇಡ. ಕುತೂಹಲ ಸಾಕು.

ಅಂಥ ಸಭೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಪ್ರಶ್ನೋತ್ತರದ ಹೊತ್ತು. ಮೈಕು ಕೈಯಿಂದ ಕೈಗೆ ಹೋಗುತ್ತದೆ. ನಿವೃತ್ತ ಮೇಷ್ಟ್ರು, ಇಂಜಿನಿಯರಿಂಗ್ ಹುಡುಗಿ, ಅಪ್ಪನ ಪಕ್ಕ ಕೂತ ಏಳನೇ ತರಗತಿಯ ಹುಡುಗ. ಆ ಹುಡುಗನ ಪ್ರಶ್ನೆಗೆ ದೊಡ್ಡ ವಿಜ್ಞಾನಿ ‘ಇದು ನಮಗೂ ಇನ್ನೂ ಗೊತ್ತಿಲ್ಲ’ ಎಂದಾಗ ಸಭಾಂಗಣದಲ್ಲಿ ಏಳುವ ಸಂಭ್ರಮವನ್ನು ನೋಡಬೇಕು! ಮಾನವಕುಲದ ಅರಿವಿನ ಅಂಚು ಇಲ್ಲೇ, ಈ ಕುರ್ಚಿಯ ಮುಂದೆಯೇ ಇದೆ ಎಂದು ಆ ಹುಡುಗನಿಗೆ ಅರ್ಥವಾಗಿಬಿಡುತ್ತದೆ.

ಮಹೇಂದ್ರಲಾಲ್ ಸರ್ಕಾರ್ ಚಂದಾ ಎತ್ತಿದ್ದು ಈ ಕ್ಷಣಕ್ಕಾಗಿಯೇ. ಹಾಗಾಗಿ ನನ್ನದೊಂದು ಒತ್ತಾಯ. ಮುಂದಿನ ಓಪನ್ ಡೇಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಮಕ್ಕಳಿಲ್ಲದಿದ್ದರೆ ನೀವೇ ಹೋಗಿ. ಕನ್ನಡದಲ್ಲೇ ಕೇಳಿ, ಕನ್ನಡದಲ್ಲಿ ವಿವರಿಸುವ ವಿದ್ಯಾರ್ಥಿಗಳು ಅಲ್ಲಿ ಸಿಗುತ್ತಾರೆ. ಈ ಸಂಸ್ಥೆಗಳು ನಡೆಯುವುದು ನಮ್ಮ ನಿಮ್ಮ ತೆರಿಗೆ ಹಣದಲ್ಲಿ, ಅಲ್ಲಿನ ಬೆರಗೂ ನಮ್ಮ ನಿಮ್ಮ ಸ್ವತ್ತೇ. ಕೈಯೆತ್ತಿ, ಮೈಕು ಇಸಿದುಕೊಳ್ಳಿ, ನಿಮ್ಮ ಪ್ರಶ್ನೆ ಕೇಳಿ!