ಒಂಬತ್ತೇ ಯಾಕೆ, ತಾತ?

ಲೆಕ್ಕದಲ್ಲಿ ಚುರುಕಾದ ಮಗುವೊಂದು ಮನೆಯಲ್ಲಿದ್ದರೆ, ಬಂದ ನೆಂಟರು ಅದಕ್ಕೊಂದು ಪರೀಕ್ಷೆ ಇಡದೆ ಕಾಫಿ ಕುಡಿಯುವುದಿಲ್ಲ. ‘ಹದಿನೇಳನ್ನ ಇಪ್ಪತ್ತಮೂರರಿಂದ ಗುಣಿಸಿದ್ರೆ ಎಷ್ಟು ಪುಟ್ಟಿ?’ ಮಗು ‘ಮುನ್ನೂರ ತೊಂಬತ್ತೊಂದು’ ಅನ್ನುತ್ತದೆ. ‘ಅಬ್ಬಾ, ಇನ್ನೊಬ್ಬಳು ಶಕುಂತಲಾದೇವಿ!’ ಅನ್ನುತ್ತಾರೆ ಇವರು.

ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಶಕುಂತಲಾದೇವಿಯವರು 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ತೋರಿಸಿದವರು. ಅದು ಸಾಮಾನ್ಯ ಸಾಧನೆಯಲ್ಲ. ಆದರೆ ವೇಗವೇ ಗಣಿತ ಎಂದುಕೊಂಡರೆ ಕಷ್ಟ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಂಪ್ಯೂಟರ್ ಬರುವ ಮುಂಚೆ ಲೆಡ್ಜರಿನ ಉದ್ದುದ್ದ ಕಾಲಂಗಳನ್ನು ಬೆರಳು ಜಾರಿಸುತ್ತಲೇ ಕೂಡಿ ಬಿಸಾಡುತ್ತಿದ್ದೆವು. ಹಾಗಂತ ನಮ್ಮ ಶಾಖೆಯಲ್ಲಿ ಯಾರೂ ಗಣಿತಜ್ಞರಿರಲಿಲ್ಲ!

ನನ್ನ ಮೊಮ್ಮಗಳು ಈಗ ಐದನೇ ತರಗತಿ. ಕಳೆದ ವರ್ಷ ಗಣಿತದ ಪೀರಿಯಡ್ ಇರುವ ದಿನವೆಲ್ಲ ಅವಳಿಗೆ ಹೊಟ್ಟೆನೋವು. ವಿಚಾರಿಸಿದಾಗ ತಿಳಿಯಿತು. ತರಗತಿಯಲ್ಲಿ ಹತ್ತು ಲೆಕ್ಕ ಕೊಟ್ಟರೆ ಇವಳು ಐದು ನಿಮಿಷದಲ್ಲಿ ಮುಗಿಸುತ್ತಿದ್ದಳು. ಮುಗಿಸಿದವರಿಗೆ ಅದೇ ಥರದ್ದು ಇನ್ನೂ ಇಪ್ಪತ್ತು. ಅದೂ ಮುಗಿದರೆ ಕೈಕಟ್ಟಿ ಕೂರಬೇಕು. ಕೊನೆಗೆ ಅವಳೇ ಒಂದು ಉಪಾಯ ಕಂಡುಕೊಂಡಿದ್ದಳು. ‘ನಿಧಾನ ಮಾಡಿದ್ರೆ ಜಾಸ್ತಿ ಲೆಕ್ಕ ಕೊಡಲ್ಲ ತಾತ. ಒಂದೆರಡು ತಪ್ಪು ಮಾಡಿದ್ರೆ ಇನ್ನೂ ಒಳ್ಳೇದು.’

ಆ ಮಾತು ನನಗೆ ಹೊಟ್ಟೆನೋವಿಗಿಂತ ದೊಡ್ಡ ಕಾಯಿಲೆಯಾಗಿ ಕಂಡಿತು. ಗೊತ್ತಿದ್ದೂ ತಪ್ಪು ಬರೆಯುವುದನ್ನು ಒಂಬತ್ತು ವರ್ಷದ ಮಗು ಕಲಿತಿತ್ತು.

ಮಗ ಒಂದು ತರಗತಿ ಮೇಲಕ್ಕೆ ಹಾಕಿಸೋಣ ಎಂದ. ಪಕ್ಕದ ಮನೆಯವರು ಅಬ್ಯಾಕಸ್ ಕ್ಲಾಸಿಗೆ ಸೇರಿಸಿ ಎಂದರು. ಇನ್ನಷ್ಟು ವೇಗ ಇವಳಿಗೆ ಯಾತಕ್ಕೆ? ಹೆಚ್ಚು ಲೆಕ್ಕ ಬೇಡ, ತಡೆದು ನಿಲ್ಲಿಸುವಂಥ ಲೆಕ್ಕ ಬೇಕು ಎಂಬುದು ನನ್ನ ಅಭಿಪ್ರಾಯವಾಗಿತ್ತು.

ಅಂಥ ಒಂದು ಲೆಕ್ಕ ನನ್ನ ಹಳೇ ಕಸುಬಿನಲ್ಲೇ ಸಿಕ್ಕಿತು. ಸಂಜೆ ಬ್ಯಾಂಕಿನ ಲೆಕ್ಕ ಟ್ಯಾಲಿ ಆಗದಿದ್ದರೆ ನಾವು ಮೊದಲು ನೋಡುತ್ತಿದ್ದುದು, ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆಯೇ ಎಂದು. ಆದರೆ ಯಾರೋ ಅಂಕಿ ಅದಲುಬದಲು ಮಾಡಿರಬಹುದು. 72 ಎಂದು ಬರೆಯುವಲ್ಲಿ 27 ಬಿದ್ದಿರುತ್ತದೆ, ವ್ಯತ್ಯಾಸ 45. ಇದನ್ನು ಅವಳಿಗೆ ಹೇಳಿದೆ. ಬೇರೆ ಮಕ್ಕಳಾದರೆ ಚೆನ್ನಾಗಿದೆ ಎಂದು ಆಟಕ್ಕೆ ಓಡುತ್ತಿದ್ದರೇನೋ. ಇವಳು ‘ಒಂಬತ್ತೇ ಯಾಕೆ, ತಾತ? ಎಂಟು ಯಾಕಲ್ಲ?’ ಎಂದಳು.

ಉತ್ತರ ಹೇಳಲಿಲ್ಲ. ‘ನೀನೇ ನೋಡು’ ಎಂದೆ. ಎರಡು ದಿನ ಹಾಳೆ ತುಂಬಿಸಿದಳು. ಒಮ್ಮೆ ಅತ್ತಳು. ಸೊಸೆ ‘ಹೇಳಿಬಿಡಿ ಮಾವ’ ಎಂದರೂ ನಾನು ಬಾಯಿ ಬಿಡಲಿಲ್ಲ. ಮೂರನೇ ದಿನ ಹಾಲಿನ ಲೋಟ ಹಿಡಿದುಕೊಂಡೇ ಬಂದು ಹೇಳಿದಳು: ‘72ರಲ್ಲಿ ಹತ್ತರ ಮನೇಲಿ ಏಳು ಇತ್ತು, 27ರಲ್ಲಿ ಎರಡೇ ಇದೆ. ಐದು ಇಳಿದು ಬಿಡಿ ಮನೆಗೆ ಹೋಯ್ತು. ಅಲ್ಲಿ ಹತ್ತಾಗಿದ್ದದ್ದು ಇಲ್ಲಿ ಒಂದೇ ಆಗತ್ತೆ. ಇಳಿದ ಒಂದೊಂದಕ್ಕೂ ಒಂಬತ್ತು ನಷ್ಟ. ಐದು ಒಂಬತ್ಲೆ ನಲವತ್ತೈದು!’ ಬೀಜಗಣಿತದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಮಾತು ನಿಜ. ಆದರೆ ‘ಇಳಿದದ್ದಕ್ಕೆ ನಷ್ಟ’ ಎಂಬ ಅವಳ ವಿವರಣೆ ನನ್ನಂಥ ಬ್ಯಾಂಕಿನವನಿಗೆ ಇನ್ನೂ ಚೆನ್ನಾಗಿ ಅರ್ಥವಾಯಿತು.

ಶಾಲೆಗೆ ಸೊಸೆ ಹೋಗಿ ಬಂದಳು. ದೂರು ಹೇಳಲಿಕ್ಕಲ್ಲ, ನಲವತ್ತು ಮಕ್ಕಳನ್ನು ಸಂಭಾಳಿಸುವ ಟೀಚರಿಗೆ ಅವರದೇ ಕಷ್ಟಗಳಿರುತ್ತವೆ. ಒಂದೇ ಕೋರಿಕೆ: ಕ್ಲಾಸಿನ ಲೆಕ್ಕ ಮುಗಿದ ಮೇಲೆ ಮನೆಯಿಂದ ತಂದ ನೋಟ್‌ಬುಕ್ ತೆಗೆಯಲು ಬಿಡಿ. ಅದರಲ್ಲಿ ವಾರಕ್ಕೆ ಒಂದೋ ಎರಡೋ ಸಮಸ್ಯೆ. ಟೀಚರ್ ಒಪ್ಪಿದರು. ಈಗ ಅವರೇ ಆಗಾಗ ಅದರಲ್ಲೊಂದು ಸಮಸ್ಯೆ ಬರೆದು ಕಳಿಸುತ್ತಾರೆ. ಹೊಟ್ಟೆನೋವು ಎಲ್ಲಿ ಹೋಯಿತೋ ಗೊತ್ತಿಲ್ಲ.

ತರಗತಿ ಹಾರಿಸುವುದು ಯಾವಾಗಲೂ ತಪ್ಪೆಂದು ನಾನು ಹೇಳುವುದಿಲ್ಲ. ಆಸ್ಟ್ರೇಲಿಯಾದ ಟೆರೆನ್ಸ್ ಟಾವ್ ಎಂಟನೇ ವಯಸ್ಸಿಗೇ ಹೈಸ್ಕೂಲಿನಲ್ಲಿದ್ದ ಹುಡುಗ. ಆದರೆ ಎಲ್ಲ ವಿಷಯಕ್ಕೂ ಒಂದೇ ತರಗತಿಯಲ್ಲ. ಗಣಿತಕ್ಕೆ ತೀರಾ ದೊಡ್ಡವರ ಜೊತೆ, ಬೇರೆ ಕೆಲವು ವಿಷಯಗಳಿಗೆ ಕೆಳಗಿನ ತರಗತಿಯಲ್ಲಿ. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ 1986ರಲ್ಲಿ ಕಂಚು, ಮರುವರ್ಷ ಬೆಳ್ಳಿ, 1988ರಲ್ಲಿ ಚಿನ್ನ ಗೆದ್ದ. 2006ರಲ್ಲಿ ಫೀಲ್ಡ್ಸ್ ಪದಕವೂ ಬಂತು. ಆ ಒಲಿಂಪಿಯಾಡ್‌ನಲ್ಲಿ ದಿನಕ್ಕೆ ಮೂರೇ ಪ್ರಶ್ನೆ, ಸಮಯ ನಾಲ್ಕೂವರೆ ಗಂಟೆ! ಅಲ್ಲಿ ಬೇಕಾದದ್ದು ಕೂತು ಯೋಚಿಸುವ ತಾಳ್ಮೆ.

ಇನ್ನೊಂದು ಕಡೆ ನಮ್ಮ ರಾಮಾನುಜನ್. ಗಣಿತದಲ್ಲೇ ಮುಳುಗಿ ಉಳಿದ ವಿಷಯಗಳಲ್ಲಿ ಫೇಲಾಗಿ, ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಕಳೆದುಕೊಂಡರು. 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ ಗುಮಾಸ್ತರಾದರು. (ನಮ್ಮ ಜಾತಿಯವರೇ, ಗುಮಾಸ್ತರ ಜಾತಿ!) ಹಾಗಾಗಿ ಕನ್ನಡ ಕಾಪಿ ಬರೆಯುವುದರಿಂದ ಮೊಮ್ಮಗಳಿಗೆ ನಮ್ಮ ಮನೆಯಲ್ಲಿ ವಿನಾಯಿತಿ ಇಲ್ಲ.

ಗಣಿತ ಬಾರದ ಅಜ್ಜ ಅಜ್ಜಿಯರು ಏನು ಮಾಡಬೇಕೆಂದು ಕೇಳಬಹುದು. ನನ್ನ ಹೆಂಡತಿ ಎಸ್ಸೆಸ್ಸೆಲ್ಸಿ. ಅವಳು ಅಳಿಗುಳಿ ಮಣೆ ತೆಗೆದಳೆಂದರೆ ಮೊಮ್ಮಗಳು ಸತತ ಸೋಲುತ್ತಾಳೆ. ಯಾವ ಗುಳಿಯಿಂದ ಎತ್ತಿದರೆ ಹುಣಸೆಬೀಜ ಎಲ್ಲಿ ಮುಗಿಯುತ್ತದೆಂದು ಅಜ್ಜಿಗೆ ಮೊದಲೇ ಗೊತ್ತು. ಸದಾ ನೂರಕ್ಕೆ ನೂರು ತೆಗೆಯುವ ಮಗುವಿಗೆ ಮನೆಯಲ್ಲಿ ಸೋಲಿಸುವವರೊಬ್ಬರು ಇರಬೇಕು.

ಈಗ ಮಕ್ಕಳಿಗೊಂದು ಕೆಲಸ. ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದ ಡಿ. ಆರ್. ಕಾಪ್ರೇಕರ್ 1949ರಲ್ಲಿ ಕಂಡುಹಿಡಿದದ್ದು. ನಾಲ್ಕಂಕಿಯ ಒಂದು ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. 3524 ಎನ್ನೋಣ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ 5432, ತಿರುಗಿಸಿದರೆ 2345. ಕಳೆದರೆ 3087. ಮತ್ತೆ ಅದೇ ಥರ, 8730ರಲ್ಲಿ 0378 ಕಳೆದರೆ 8352. ಇನ್ನೊಮ್ಮೆ, 8532ರಲ್ಲಿ 2358 ಕಳೆದರೆ 6174. ಅಲ್ಲಿಗೆ ಬಂದಮೇಲೆ ಎಷ್ಟು ಸಲ ಮಾಡಿದರೂ 6174. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆ. ಸೊನ್ನೆ ಬಂದರೆ ಮಾತ್ರ ಬಿಡಬೇಡಿ.

ಮೂರಂಕಿಗೆ ಎಲ್ಲಿ ನಿಲ್ಲುತ್ತದೆಂದು ಮೊಮ್ಮಗಳು ಒಂದೇ ಸಂಜೆಯಲ್ಲಿ ಹಿಡಿದಳು. ಎರಡಂಕಿಗೆ ಅದು ನಿಲ್ಲದೆ ಸುತ್ತು ಹಾಕುತ್ತದೆ ಎಂದೂ ಹೇಳಿದಳು. ಈಗ ಐದಂಕಿಯಲ್ಲಿ ಸಿಕ್ಕಿಕೊಂಡಿದ್ದಾಳೆ. ಎರಡು ವಾರದಿಂದ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಅದೇ ನಡೆದಿದೆ. ನೀವು ಅವಳಿಗಿಂತ ಮೊದಲೇ ಮುಗಿಸಿದರೆ ಅವಳಿಗೆ ಹೇಳಬೇಡಿ.