ಹೊರದೇಶದ ಸರಕು, ನಮ್ಮೂರಿನ ದುರಸ್ತಿ

ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆ ಸ್ಥಾಪನೆಯಾದುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಲೋಹವನ್ನು ಕಡೆಯುವ ಅದರ ಲೇತ್ ಯಂತ್ರಗಳು ನಮ್ಮ ದೇಶದಲ್ಲಷ್ಟೇ ಅಲ್ಲ, ಹೊರದೇಶಗಳಲ್ಲಿಯೂ ಮಾರಾಟವಾದವು. ಯಂತ್ರವನ್ನು ಹಡಗಿಗೆ ಏರಿಸಿದೊಡನೆ ಇಂಥ ವ್ಯಾಪಾರ ಮುಗಿಯಿತೆನ್ನುವಿರಾ? ಅದರ ತೊಡಕುಗಳು ಮೊದಲಾಗುವುದೇ ಅಲ್ಲಿಂದ.

ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು; ಅಮೆರಿಕದ್ದು 60. ಇಲ್ಲಿಗೆಂದು ಮಾಡಿದ ಸಾಮಾನ್ಯ ಮೋಟಾರು ಅಲ್ಲಿ ಐದರಲ್ಲೊಂದು ಪಾಲು ಹೆಚ್ಚು ವೇಗವಾಗಿ ತಿರುಗೀತು. ಅಂಗುಲದಲ್ಲಿ ಅಳೆದು ಪಳಗಿದ ಕೈ ಮಿಲಿಮೀಟರಿನ ಗುರುತುಗಳ ಮುಂದೆ ತಡವರಿಸೀತು. ಹೀಗಾಗಿ ಕೊಳ್ಳುವವನ ಊರನ್ನು ಅರಿತ ಮೇಲೆಯೇ ಸರಕನ್ನು ಸಿದ್ಧಗೊಳಿಸಬೇಕು.

ಫಿನ್‌ಲೆಂಡಿನ ನೋಕಿಯಾ ಕಂಪನಿ 2003ರಲ್ಲಿ ಹೊರತಂದ 1100 ಎಂಬ ಫೋನು ಇದಕ್ಕೆ ನಿದರ್ಶನ. ಒತ್ತುಗುಂಡಿಗಳೊಳಗೆ ಧೂಳು ಸೇರದಂತೆ ತಡೆ, ಕತ್ತಲೆಗೊಂದು ಟಾರ್ಚು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರಿಗೆ ಇವುಗಳ ಬೆಲೆಯನ್ನು ವಿವರಿಸಬೇಕಿಲ್ಲ. ಜಗತ್ತಿನಲ್ಲಿ ಈ ಫೋನು 20 ಕೋಟಿಗೂ ಮೀರಿ ಮಾರಾಟವಾಯಿತು.

ಆ್ಯಪಲ್ ಕಂಪನಿಯ ಐಫೋನು ಅಮೆರಿಕದ ಅಂಗಡಿಗಳಿಗೆ ಬಂದದ್ದು 2007ರ ಜೂನ್ 29ರಂದು. ನಮ್ಮಲ್ಲಿಗೆ 2008ರ ಆಗಸ್ಟ್ 22ರಂದು, ಏರ್‌ಟೆಲ್ ಮತ್ತು ವೊಡಾಫೋನ್ ಮೂಲಕ. ಆದರೆ 2023ರ ಸೆಪ್ಟೆಂಬರ್ 22ರಂದು ಅದರ 15 ಎಂಬ ಮಾದರಿ ಎರಡೂ ದೇಶಗಳಲ್ಲಿ ಒಂದೇ ದಿನ ಮಾರಾಟಕ್ಕೆ ಬಂತು. ಕೊಳ್ಳುವ ಕಾಲದ ಅಂತರ ಅಳಿಯಿತು, ನಿಜ. ದುರಸ್ತಿಯ ಅಂತರವೂ ಅಳಿದಿದೆಯೆ? ಗಿರಾಕಿಯ ನಿಜವಾದ ಅನುಭವ ಆ ಪ್ರಶ್ನೆಯಲ್ಲಿದೆ.

ಹರಿಹರದ ಆ ಕಾರ್ಖಾನೆ ಈಗ ನಡೆಯುತ್ತಿಲ್ಲ. ಆದರೂ ಅದರ ಹಳೆಯ ಲೇತಿನ ಅನೇಕ ಸವೆದ ಭಾಗಗಳನ್ನು ಬಲ್ಲ ಕುಶಲಿಯು ಇನ್ನೊಂದು ಲೇತಿನ ಮೇಲೆ ಕಡೆದು ಕೂಡಿಸಬಲ್ಲ. ಫೋನಿನ ಬಿಡಿಭಾಗವನ್ನು ಹಾಗೆ ಕಡೆದುಕೊಳ್ಳಲಾಗದು; ಅದು ಕಂಪನಿಯಿಂದಲೋ ಬೇರೆ ತಯಾರಕರಿಂದಲೋ ಬರಬೇಕು. ಆದಕಾರಣ, ಮನೆಗೆ ಹೊಸ ಉಪಕರಣವನ್ನು ತರುವ ಮುನ್ನ ಅಂಗಡಿಯವರನ್ನು ಸಂಕೋಚವಿಲ್ಲದೆ ಕೇಳಿರಿ: ಇದರ ದುರಸ್ತಿ ಯಾವ ಊರಿನಲ್ಲಿ? ಬಿಡಿಭಾಗ ಎಷ್ಟು ವರ್ಷ ದೊರೆಯುತ್ತದೆ? ಪರದೇಶದಲ್ಲಿರುವ ನೆಂಟರು ತಂದುಕೊಟ್ಟದ್ದಾದರೆ, ಅದರ ವಾರಂಟಿ ಇಲ್ಲಿ ಸಲ್ಲುತ್ತದೆಯೆ? ಉತ್ತರವನ್ನು ರಸೀದಿಯ ಮೇಲೆ ಬರೆಸಿಕೊಳ್ಳಿರಿ. ಪೆಟ್ಟಿಗೆಯ ಮೇಲಿನ ಬಣ್ಣದ ಚಿತ್ರಕ್ಕಿಂತ ಆ ಎರಡು ಸಾಲುಗಳೇ ಮುಂದೆ ನಿಮ್ಮ ಕೈ ಹಿಡಿಯುತ್ತವೆ.