ಸರ್ಕಾರದ ಸಾಲ, ಸ್ಟಾರ್ಟ್‌ಅಪ್‌ಗಳ ಬಂಡವಾಳ

ವೆಚ್ಚಕ್ಕೆ ಆದಾಯ ಸಾಲದಿದ್ದಾಗ ಸರ್ಕಾರವು ನಿಗದಿತ ಬಡ್ಡಿ ನೀಡುವ ಸಾಲಪತ್ರಗಳನ್ನು, ಅಂದರೆ ಬಾಂಡ್‌ಗಳನ್ನು, ಮಾರುತ್ತದೆ. 2023-24ರ ಬಜೆಟ್‌ನಲ್ಲಿ ಕೇಂದ್ರವು ಹೀಗೆ ಎತ್ತಲು ಉದ್ದೇಶಿಸಿದ್ದ ಒಟ್ಟು ಸಾಲ 15.43 ಲಕ್ಷ ಕೋಟಿ ರೂಪಾಯಿ.

ಹೊಸ ಬಾಂಡ್‌ಗಳ ಬಡ್ಡಿ ಸಾಮಾನ್ಯವಾಗಿ ರಿಸರ್ವ್ ಬ್ಯಾಂಕಿನ ದರದ ಜೊತೆಗೇ ಏರಿಳಿಯುತ್ತದೆ. ಹಣದುಬ್ಬರವನ್ನು ತಡೆಯಲು ಈ ಬ್ಯಾಂಕ್ 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ದರವನ್ನು, ಎಂದರೆ ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು, ಶೇ 4ರಿಂದ ಶೇ 6.5ಕ್ಕೆ ಏರಿಸಿತು, ಅಮೆರಿಕದ ಫೆಡರಲ್ ರಿಸರ್ವ್ ಕೂಡ ಶೂನ್ಯದ ಸಮೀಪವಿದ್ದ ತನ್ನ ದರವನ್ನು 2023ರ ಜುಲೈ ವೇಳೆಗೆ ಶೇ 5ರ ಆಚೆಗೆ ಒಯ್ದಿತು.

ಅಪಾಯ ತೀರಾ ಕಡಿಮೆಯಿರುವ ಸರ್ಕಾರಿ ಬಾಂಡ್‌ನಲ್ಲೇ ಒಳ್ಳೆಯ ಬಡ್ಡಿ ದೊರೆಯುವಾಗ, ಹತ್ತು ವರ್ಷಗಳ ಬಳಿಕ ಬರಬಹುದಾದ ಲಾಭವನ್ನು ನಂಬಿ ಇಂದು ನಷ್ಟದಲ್ಲಿರುವ ಉದ್ಯಮಕ್ಕೆ ಹಣ ತೊಡಗಿಸುವವರು ಕಡಿಮೆಯಾಗುತ್ತಾರೆ, ಏಕೆಂದರೆ ಬಡ್ಡಿ ಏರಿದಷ್ಟೂ ದೂರದ ಲಾಭದ ಇಂದಿನ ಬೆಲೆ ಕುಗ್ಗುತ್ತದೆ. ಆ ವರ್ಷಗಳಲ್ಲಿ ಬೆಂಗಳೂರಿನ ಹಲವು ಸ್ಟಾರ್ಟ್‌ಅಪ್‌ಗಳು ನೌಕರರನ್ನು ಕಡಿತಗೊಳಿಸಿದ್ದಕ್ಕೂ, ಸಾರ್ವಜನಿಕರಿಗೆ ಮೊದಲ ಬಾರಿ ಷೇರು ಮಾರುವ ಐಪಿಒ ಯೋಜನೆಗಳನ್ನು ಕೆಲವು ಕಂಪನಿಗಳು ಮುಂದೂಡಿದ್ದಕ್ಕೂ ಇದು ಮುಖ್ಯ ಕಾರಣಗಳಲ್ಲೊಂದು.

ಆದ್ದರಿಂದ ಹೊಸ ಷೇರಿಗೆ ಅರ್ಜಿ ಹಾಕುವ ಮುನ್ನ ಹೂಡಿಕೆದಾರರು ಕಂಪನಿಯ ಹೆಸರಿಗೆ ಮರುಳಾಗದೆ, ಅದರ ಲಾಭ-ನಷ್ಟದ ಲೆಕ್ಕವನ್ನೂ ಆ ಹೊತ್ತಿನ ಬಡ್ಡಿ ದರವನ್ನೂ ಜೊತೆಯಾಗಿಟ್ಟು ಪರಿಶೀಲಿಸಬೇಕು.